ಹಲ್ಲು ಮುರಿದ ಕ್ಯಾಸೆಟ್

ಸೆಲ್ವಿ, ನಿನ್ನ ಅಮ್ಮನ ದನಿಯನ್ನು ಅಳಿಸಿದವಳು ನಾನು. ನಿನ್ನ ಚಿಕ್ಕಮ್ಮನಲ್ಲ. ಹನ್ನೆರಡು ವರ್ಷಗಳಿಂದ ಈ ಮಾತು ಗಂಟಲವರೆಗೆ ಬಂದು ಬಂದು ಹಿಂದೆ ಹೋಗಿದೆ — ಇವತ್ತು ಬರೆದೇ ಬಿಡುತ್ತೇನೆ.

ನವುಲೆಯ ಕಾಲೇಜಿನಲ್ಲಿ ಓದುವಾಗ ನಮಗೆ ಹಿಡಿದಿದ್ದ ಹುಚ್ಚು ನಿನಗೆ ನೆನಪಿರಬೇಕು. ನಾವು ಹುಟ್ಟುವ ಮೊದಲಿನ ವಿದೇಶಿ ರಾಕ್ ತಂಡಗಳು — ರಾಜನನ್ನು, ಪಾದ್ರಿಯನ್ನು, ಪ್ರೇಮಿಯನ್ನು, ಕೊನೆಗೆ ತಮ್ಮ ಬೋಳುತಲೆಯನ್ನೂ ಬಿಡದೆ ಗೇಲಿ ಮಾಡುತ್ತಿದ್ದವರು. ಅರ್ಧ ಇಂಗ್ಲಿಷ್ ನಮಗೆ ತಿಳಿಯುತ್ತಿರಲಿಲ್ಲ, ಆದರೂ ಬಿದ್ದು ಬಿದ್ದು ನಗುತ್ತಿದ್ದೆವು. ಶವಯಾತ್ರೆಯ ಮೇಲೂ ಒಂದು ತಮಾಷೆಯ ಹಾಡಿತ್ತು. ಅದನ್ನು ಭದ್ರಾವತಿ ಬಸ್ಸಿನಲ್ಲಿ ಹಾಡಿ ಕಂಡಕ್ಟರ್ ಹತ್ತಿರ ಬೈಸಿಕೊಂಡೆವು. ನಗಬಾರದ್ದು ಈ ಭೂಮಿಯ ಮೇಲೆ ಏನೂ ಇಲ್ಲ ಎಂದು ಎಷ್ಟು ಜಂಬ ನಮಗೆ!

ರವೀಂದ್ರನಗರದ ನಮ್ಮ ಮನೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರ್ ಇತ್ತು. ನೀನು ಚೀಲದಲ್ಲಿ ಹಳೆಯ ಕ್ಯಾಸೆಟ್ ತಂದೆ. "ಎರಡಿದೆ ಕಣೆ, ಎರಡಕ್ಕೂ ಹಾಡು ತುಂಬ್ಸು ಮಾರಾಯ್ತಿ" ಎಂದು ಚೀಲ ಬಿಟ್ಟು ಹೋದೆ. ಚೀಲದ ತಳದಲ್ಲಿ ಮೂರನೆಯದೂ ಇತ್ತು. ಮೇಲೆ ತಮಿಳಿನಲ್ಲಿ ಏನೋ ಬರೆದಿತ್ತು. ಬೆನ್ನಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದಿದ್ದವು — ಹಾಗೆ ಮುರಿಯುವುದೇ ಅದರ ಮೇಲೆ ಯಾರೂ ಮತ್ತೆ ತುಂಬದಿರಲಿ ಎಂದು. ನನಗೆ ಗೊತ್ತಿತ್ತು. ಗೊತ್ತಿದ್ದೂ — ತಮಿಳು ಸಿನಿಮಾ ಹಾಡಿರಬೇಕು, ಇನ್ನೊಂದು ಆಲ್ಬಮ್ ಹಿಡಿಯುತ್ತದೆ, ನೀನು ಕುಣಿದಾಡುತ್ತೀಯ — ತೂತಿಗೆ ಕಾಗದದ ಉಂಡೆ ತುರುಕಿ ರೆಕಾರ್ಡ್ ಗುಂಡಿ ಒತ್ತಿದೆ. ಮೊದಲು ಒಂದು ನಿಮಿಷ ಕೇಳಬಹುದಿತ್ತು.

ಎರಡೂ ಬದಿ ತುಂಬಿದ ಮೇಲೂ ಕೊನೆಯಲ್ಲಿ ಚೂರು ಟೇಪು ಉಳಿದಿತ್ತು. ಅಲ್ಲಿ ಒಬ್ಬ ಹೆಂಗಸು ಕೆಮ್ಮಿದಳು. "ಸೆಲ್ವಿ, ನೀಯುಂ ಪೇಸುಮ್ಮಾ" — ನೀನೂ ಮಾತಾಡಮ್ಮ — ಎಂದಳು. ಮಗುವೊಂದು ನಾಚಿಕೊಂಡು ನಕ್ಕಿತು. ಟೇಪು ಮುಗಿಯಿತು.

ಮರುವಾರ ನೀನು ಬಿಳಚಿಕೊಂಡು ಬಂದೆ. "ಅಮ್ಮಂಗೆ ಬರೆಯಕ್ಕೆ ಬರ್ತಿರ್ಲಿಲ್ಲ ಕಣೆ. ಸೇಲಂನಲ್ಲಿದ್ದ ತನ್ನ ತಂಗಿಗೆ ಕಾಗದದ ಬದ್ಲು ಕ್ಯಾಸೆಟ್‌ನಲ್ಲಿ ಮಾತಾಡಿದ್ಲು. ಕಳ್ಸೋ ಮುಂಚೆ ತೀರ್ಕೊಂಡ್ಬಿಟ್ಲು. ಆ ಚೀಲದಲ್ಲಿ ಬಂದಿತ್ತಾ?"

"ಎರಡೇ ಇದ್ದಿದ್ದು ಕಣೆ" ಎಂದೆ.

ಅಷ್ಟೇ. ಆಮೇಲೆ ನೀನು, ಚಿಕ್ಕಮ್ಮನೇ — ನಿನ್ನ ಅಪ್ಪ ಎರಡನೆಯ ಸಲ ಮದುವೆಯಾಗಿ ತಂದವಳು, ನಿನಗೆ ಜಡೆ ಹಾಕಿ ಬೆಳೆಸಿದವಳು — ಅದನ್ನು ಹೊಟ್ಟೆಕಿಚ್ಚಿಗೆ ಬಿಸಾಕಿದ್ದಾಳೆ ಎಂದೆ. ಪಕ್ಕದಲ್ಲಿ ಕೂತು ನಾನು ನಿನ್ನ ಬೆನ್ನು ಸವರಿದೆ! ಮದುವೆಯಾಗಿ ಕೊಯಮತ್ತೂರಿಗೆ ಹೋದ ನೀನು ಅವಳಿಗೆ ಒಂದು ಸಾಲೂ ಬರೆಯಲಿಲ್ಲ.

ಆ ತಂಡಗಳ ಹಾಡು ಈಗಲೂ ಕೇಳುತ್ತೇನೆ. ಈಗಲೂ ಇಷ್ಟವೇ — ಅದನ್ನೇನು ಮುಚ್ಚಿಡಲಿ. ಆದರೆ ಹಾಡು ಮುಗಿದು ಸದ್ದಡಗಿದ ಕೂಡಲೇ ಆ ಕೆಮ್ಮು ಕೇಳಿಸುತ್ತದೆ. ಹೊಸ ಸಿ.ಡಿ. ಹಾಕಿದರೂ ಕೇಳಿಸುತ್ತದೆ. ನನಗೆ ಹೆದರಿಕೆಯಾಗುತ್ತದೆ, ಸೆಲ್ವಿ.

ಹೋದ ಸೋಮವಾರ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಿನ್ನ ಚಿಕ್ಕಮ್ಮ ಸಿಕ್ಕಳು. ಮಾತು ತಿರುಗಿ ಆ ಕ್ಯಾಸೆಟ್ಟಿಗೇ ಬಂತು. "ನಾನು ಮುಟ್ಟೇ ಇಲ್ಲ ಅಂದ್ಕೊಂಡಿದ್ದೆ ಕಣಮ್ಮ. ಆದ್ರೆ ಹಬ್ಬಕ್ಕೆ ಮನೆ ಗುಡ್ಸುವಾಗ ಕಸದ ಜೊತೆ ನಾನೇ ಹಾಕಿದ್ನೇನೋ... ಹಂಗೇ ಇರ್ಬೇಕು. ಸೆಲ್ವಿಗೆ ಹೇಳು, ನಾನೇ ಕಳ್ದಿದ್ದು, ತಪ್ಪಾಯ್ತು ಅಂತ."

ಹೇಳುತ್ತೇನೆ ಎಂದೆ. ಮಾಡದ ತಪ್ಪನ್ನು ಅವಳು ಒಪ್ಪಿಕೊಂಡಳು; ಮಾಡಿದ ನಾನು ಅವಳ ಚೀಲ ಹಿಡಿದು ಅವಳನ್ನು ಭದ್ರಾವತಿ ಬಸ್ಸು ಹತ್ತಿಸಿದೆ.

ನಾಳೆ ಬೆಳಿಗ್ಗೆ ಭದ್ರಾವತಿ ಹಳೇನಗರದ ಅವಳ ಮನೆಗೆ ಹೋಗುತ್ತೇನೆ. ಅವಳ ಮುಖ ನೋಡಿ ಹೇಳಿದ ಮೇಲೆಯೇ ಈ ಕಾಗದವನ್ನೂ ಕ್ಯಾಸೆಟ್ಟನ್ನೂ ಅಂಚೆಗೆ ಹಾಕುವುದು. ಎರಡನೆಯ ಬದಿಯ ತುದಿಯಲ್ಲಿ ನಿನ್ನ ಅಮ್ಮ ಅರ್ಧ ನಿಮಿಷ ಉಳಿದಿದ್ದಾಳೆ. ಅಷ್ಟನ್ನೂ ನಿನಗೆ ಕೊಡದೆ ಇಷ್ಟು ವರ್ಷ ನಾನೇ ಇಟ್ಟುಕೊಂಡಿದ್ದೆ.