ಹನ್ನೆರಡು ನಿಮಿಷದ ನೀರು

ಹುಕ್ಕೇರಿಯ ಹೈಸ್ಕೂಲಿನಲ್ಲಿ ಶೇಕಡಾ ಲೆಕ್ಕ ಕಲಿಸುವಾಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತು ಪರ್ಸೆಂಟ್ ಇಳಿಸಿ, ಮತ್ತೆ ಇಪ್ಪತ್ತು ಪರ್ಸೆಂಟ್ ಏರಿಸಿದರೆ ಮೊದಲಿನಷ್ಟೇ ಆಗುತ್ತದೆ ಎಂದು ಯಾರಾದರೂ ಅಂದರೆ ಡಸ್ಟರನ್ನು ಮೇಜಿಗೆ ಅಪ್ಪಳಿಸುತ್ತೇನೆ. "ಏನ್ರಿ ಟೀಚರ್, ಒಂದ್ ಲೆಕ್ಕಕ್ಕ ಇಷ್ಟ್ಯಾಕ ಸಿಟ್ಟು?" ಎಂದು ಹೆಡ್‌ಮಾಸ್ತರರು ಒಮ್ಮೆ ಕೇಳಿದರು. ಆಗ ಹೇಳಲಿಲ್ಲ, ಈಗ ಹೇಳುತ್ತೇನೆ.

ನಮ್ಮೂರು ಮಸಗುಪ್ಪಿಯಲ್ಲಿ ಅಪ್ಪ ಮತ್ತು ಅವನ ತಮ್ಮ, ಅಂದರೆ ನನ್ನ ಕಾಕಾ, ಹೊಲ ಹಂಚಿಕೊಂಡರೂ ಬೋರ್‌ವೆಲ್ ಒಂದೇ ಉಳಿಯಿತು. ದಿನ ಬಿಟ್ಟು ದಿನ ಪಾಳಿ. ಕಾಕಾನ ಪಾಳಿ ಐದು ತಾಸು, ಮುನ್ನೂರು ನಿಮಿಷ. ಮೋಟಾರಿನ ಸ್ಟಾರ್ಟರ್ ಮಾತ್ರ ನಮ್ಮ ಹೊಲದಲ್ಲಿತ್ತು. ಆ ಬೇಸಿಗೆ ಅಪ್ಪ ಹೊಸದಾಗಿ ಕಬ್ಬು ಹಚ್ಚಿದ್ದ. "ಎರಡ ತಿಂಗಳ ಇಪ್ಪತ್ತು ಪರ್ಸೆಂಟ್ ಬಿಟ್ಟಕೊಡು. ಆಮ್ಯಾಲ ಇಪ್ಪತ್ತು ಪರ್ಸೆಂಟ್ ಹೊಳ್ಳಿ ಏರಸ್ತೇನಿ," ಎಂದ. ಕಾಕಾ ಒಪ್ಪಿದ. ಪಾಳಿ 240 ನಿಮಿಷಕ್ಕೆ ಇಳಿಯಿತು.

ಎರಡು ತಿಂಗಳಾದ ಮೇಲೆ ಏರಿಸುವ ಲೆಕ್ಕ ನನ್ನ ಪಾಲಿಗೆ ಬಂತು. ಬಿಎಸ್ಸಿ ಓದುತ್ತಿದ್ದೆ, ಜಂಬಕ್ಕೇನು ಕಡಿಮೆ! 240ಕ್ಕೆ ಇಪ್ಪತ್ತು ಪರ್ಸೆಂಟ್ ಕೂಡಿಸಿ, 288 ನಿಮಿಷಕ್ಕೆ ಅಪ್ಪನ ಫೋನಿನಲ್ಲಿ ಅಲಾರಾಂ ಇಟ್ಟುಕೊಟ್ಟೆ. ಮುನ್ನೂರರ ನೆನಪೇ ನನಗೆ ಆಗಲಿಲ್ಲ.

ಕಾಕಾ ಗಡಿಯಾರ ನೋಡುವವನಲ್ಲ, ಸಾಲು ಎಣಿಸುವವನು. ಕೊನೆಯ ಸಾಲುಗಳಿಗೆ ನೀರು ಮುಟ್ಟುವ ಮೊದಲೇ ಮೋಟಾರು ನಿಲ್ಲುತ್ತಿತ್ತು. ಮೂರು ಪಾಳಿ ತಡೆದುಕೊಂಡ. ನಾಲ್ಕನೆಯದಕ್ಕೆ ಸಲಿಕೆ ಹಿಡಿದು ಬಂದ.

"ತಮ್ಮನ ನೀರು ಕದಿಯಾಕ ನಾಚಿಕಿ ಬರೂದಿಲ್ಲೇನ್ ನಿನಗ?"

"ಇಪ್ಪತ್ತು ತಗೊಂಡಿದ್ನಿ, ಇಪ್ಪತ್ತು ಹೊಳ್ಳಿ ಕೊಟ್ಟೇನಿ," ಎಂದ ಅಪ್ಪ. "ಸಾಲಿ ಕಲತ ಮಗಳು ಲೆಕ್ಕಾ ಮಾಡ್ಯಾಳ. ಕೇಳಾಕ ನೀ ಯಾಂವ?"

ಕಾಕಾ ಬೀಸಿದ. ಸಲಿಕೆ ಅಪ್ಪನ ಎಡ ಹೆಗಲಿಗೆ ಬಿತ್ತು, ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಅಪ್ಪ ಮೋಟಾರು ಬಿಚ್ಚುವ ಕಬ್ಬಿಣದ ಪಾನಾ ಎತ್ತಿಕೊಂಡು ಕಾಕಾನ ಬಲಗೈ ಮೇಲೆ ಹೊಡೆದ. ಒಮ್ಮೆಯಲ್ಲ, ಮೂರು ಸಲ. ಎರಡು ಬೆರಳು ಜಜ್ಜಿಹೋದವು. ಬಿಡಿಸಲು ಹೋದ ಅವ್ವನ ತುಟಿ ಒಡೆಯಿತು. ನಾನು ನಿಂತಲ್ಲೇ ಕಿರುಚುತ್ತಿದ್ದೆ, ಅಷ್ಟೇ.

ಅಪ್ಪನನ್ನು ಸೇರಿಸಿದ್ದ ಗೋಕಾಕದ ಆಸ್ಪತ್ರೆಗೆ ಪೊಲೀಸರೊಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ಅಪ್ಪ ನನ್ನನ್ನೇ ಸಾಕ್ಷಿ ಮಾಡಿದ. ನೀರಿನ ಲೆಕ್ಕ ಮಗಳೇ ಮಾಡಿದ್ದು, ನಮ್ಮದು ಒಂದಿಷ್ಟೂ ತಪ್ಪಿಲ್ಲ, ತಮ್ಮ ಸುಮ್ಮಸುಮ್ಮನೆ ಕೊಲ್ಲಲು ಬಂದ ಎಂದು ಬರೆಸಿದ. ನಾನು ಸಹಿ ಹಾಕಿದರೆ ಕಾಕಾ ಜೈಲಿಗೆ. ಓದುತ್ತಾ ಹೋದೆ. ಒಂದೇ ಸಾಲಿನಲ್ಲಿ ಪಾಳಿಯ ನಿಮಿಷಗಳು: 300, 240, 288. ಆಗಲೇ ನನಗೆ ಹೊಳೆದದ್ದು. 240 ಮತ್ತೆ 300 ಆಗಬೇಕಾದರೆ ಇಪ್ಪತ್ತೈದು ಪರ್ಸೆಂಟ್ ಏರಿಸಬೇಕಿತ್ತು.

ಅಪ್ಪನ ಕಿವಿಗೆ ಬಾಗಿ ಹೇಳಿದೆ: "ಅಪ್ಪಾ, ನಾ ತಪ್ಪ ಮಾಡೇನಿ. ಕಾಕಾ ಅಂದದ್ದು ಖರೆ ಐತಿ. ಹನ್ನೆರಡ ನಿಮಿಷ ಕಮ್ಮಿ ಕೊಟ್ಟೇವಿ."

"ಮೊದಲ್ನೇ ದಿನಾನ ಗೊತ್ತಾಗಿತ್ತು ನನಗ," ಎಂದ ಅಪ್ಪ. "ಬಾಯಿ ಮುಚಗೊಂಡು ಸಹಿ ಮಾಡು."

ನನ್ನ ಮೈಯೆಲ್ಲ ಉರಿದುಹೋಯಿತು. ಪೊಲೀಸರ ಕಡೆ ತಿರುಗಿದೆ. "ಸಾಹೇಬ್ರ, ನೀರು ಕದ್ದಾವ್ರು ನಾವರಿ. ಹಂಗ ಬರ್ಕೊಳ್ರಿ."

ಅಪ್ಪ ಬಲಗೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಕೈಗೆ ಹಚ್ಚಿದ್ದ ಸಲಾಯಿನ್ ಕಿತ್ತು ಹಾಸಿಗೆಯೆಲ್ಲ ರಕ್ತವಾಯಿತು. ಎರಡನೇ ಸಲ ಎತ್ತಿದಾಗ ಆ ಕೈ ಹಿಡಿದು ತಿರುಚಿದೆ. ಅಪ್ಪ ನೋವಿಗೆ ಚೀರಿದ. ಪೊಲೀಸರು ನನ್ನ ಮಾತು ಬರೆದು ಮುಗಿಸುವವರೆಗೆ ನಾನು ಬಿಡಲಿಲ್ಲ.