ನಾಳೆಯ ಕರೆಂಟಿಗೆ ಅಕ್ಕಿ ಅಳೆಯುವವಳು

ದಾಸನಕೊಪ್ಪದಲ್ಲಿ ಯಾರ ಮನೆಯಲ್ಲಿ ಹತ್ತು ಜನಕ್ಕೆ ಊಟ ಹಾಕುವುದಿದ್ದರೂ ಮೊದಲು ನಾಗಿಗೆ ಹೇಳಿ ಕಳಿಸುತ್ತಾರೆ. ಅಡಿಗೆ ಮಾಡಲಿಕ್ಕಲ್ಲ, ಎಷ್ಟು ಅಕ್ಕಿ ಹಾಕಬೇಕು ಎಂದು ಹೇಳಲಿಕ್ಕೆ. ನಾಗಿ ಬಂದವಳೇ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ ಒಂದೊಂದಾಗಿ ಕೇಳುತ್ತಾಳೆ. ಆವತ್ತೇ ಪಕ್ಕದೂರಲ್ಲಿ ಬೇರೆ ಮದುವೆ ಉಂಟೋ? ಕರೆದದ್ದು ಮನೆಗೆ ಹೋಗಿಯೋ, ದಾರಿಯಲ್ಲಿ ಸಿಕ್ಕಾಗಲೋ? ಗದ್ದೆ ಕೆಲಸ ಮುಗಿದಿದೆಯೋ? ಮೋಡ ಹೇಗಿದೆ? ಇಷ್ಟು ಕೇಳಿ, ಕಣ್ಣು ಅರೆಮುಚ್ಚಿ, ಇಂತಿಷ್ಟು ಸೇರು ಎಂದಳೆಂದರೆ ಮುಗಿಯಿತು. ಅಕ್ಕಿ ಕಡಿಮೆ ಬಿದ್ದರೆ ಮಾನ ಹೋಗುತ್ತದೆ, ಹೆಚ್ಚು ಬಿದ್ದರೆ ಅನ್ನ ಹಳಸುತ್ತದೆ, ಎರಡೂ ತಪ್ಪೇ ಎಂಬುದು ಅವಳ ಮಾತು.

ಈ ನಾಗಿಗೆ ಒಬ್ಬಳೇ ಮಗಳು, ರೋಹಿಣಿ. ಚಿಕ್ಕವಳಿದ್ದಾಗ ಅವ್ವನ ಮಗ್ಗುಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

“ನಿನಗ ಹೆಂಗ ಗೊತ್ತಾಗ್ತೈತಿ ಅವ್ವಾ?” ಎಂದು ಒಮ್ಮೆ ಕೇಳಿದಳಂತೆ.

“ನನಗೆಲ್ಲಿ ಗೊತ್ತಾಗ್ತೈತಿ? ಕೇಳಿದ್ರ ಊರೇ ಹೇಳ್ತೈತಿ.”

ರೋಹಿಣಿ ಬೆಳೆದಳು, ಧಾರವಾಡಕ್ಕೆ ಹೋಗಿ ಸಂಖ್ಯಾಶಾಸ್ತ್ರ ಓದಿದಳು, ತಿರುಗಿ ಬಂದು ಶಿರಸಿಯ ವಿದ್ಯುತ್ ಕಚೇರಿಯಲ್ಲಿ ಕೆಲಸಕ್ಕೆ ಕೂತಳು. ಕೆಲಸ ಏನೆಂದರೆ, ನಾಳೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಯಾವ ಹೊತ್ತಿಗೆ ಎಷ್ಟು ಕರೆಂಟ್ ಬಳಸುತ್ತವೆ ಎಂದು ಇವತ್ತೇ ಹೇಳುವುದು. ನಿನ್ನೆ ಎಷ್ಟು ಬಳಕೆಯಾಯಿತು, ಕಳೆದ ವರ್ಷ ಇದೇ ಹಂಗಾಮಿನಲ್ಲಿ ಎಷ್ಟಿತ್ತು, ಬಿಸಿಲೆಷ್ಟು, ಮಾಗೋಡಿನ ಕಡೆ ಮಳೆ ಉಂಟೋ, ನಾಳೆ ಸಂತೆಯೋ ರಜೆಯೋ, ಎಲ್ಲವನ್ನೂ ಕಂಪ್ಯೂಟರಿನೊಳಗೆ ಒಂದು ಗಣಿತದ ಮಾದರಿಗೆ ಉಣಿಸಿದರೆ ಅದು ನಾಳೆಯ ದಿನವನ್ನು ಒಂದು ಗೆರೆಯಾಗಿ ಬರೆದು ತೋರಿಸುತ್ತದೆ. ಮಾದರಿ ಅಂದರೆ ಮತ್ತೇನಲ್ಲ, ನಾಗಿ ಕೇಳುವ ಪ್ರಶ್ನೆಗಳಿಗೆಲ್ಲ ಇಂತಿಷ್ಟು ತೂಕ ಎಂದು ಕೊಟ್ಟು ಕೂಡಿಸುವ ಲೆಕ್ಕ.

ಆ ಗೆರೆಯ ಮೇಲೆ ವ್ಯಾಪಾರ ನಿಂತಿರುತ್ತದೆ. ಕರೆಂಟಿಗೂ ಒಂದು ಸಂತೆ ಇದೆಯಲ್ಲ, ನಾಳೆಯದನ್ನು ಇವತ್ತೇ ಕೊಳ್ಳುವ ಸಂತೆ. ನಡುಮಧ್ಯಾಹ್ನ ಬಿಸಿಲಿನಿಂದ ಹುಟ್ಟಿದ ಕರೆಂಟ್ ರಾಶಿ ಬಿದ್ದು ಅಗ್ಗವಾಗುತ್ತದೆ. ಸಂಜೆ ಊರಿಗೆ ಊರೇ ದೀಪ ಹಚ್ಚುವ ಹೊತ್ತಿಗೆ ಅದೇ ಕರೆಂಟ್ ಹಬ್ಬದ ಮುಂಚಿನ ಹೂವಿನ ಹಾಗೆ ತುಟ್ಟಿ.

ಹೀಗಿರುವಾಗ ದಾಸನಕೊಪ್ಪದ ಪಂಪುಗಳಿಗೆ ಮಾತ್ರ ಮೂರು ಫೇಸಿನ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಕತ್ತಲಲ್ಲಿ ಬದುವಿನ ಮೇಲೆ ಬ್ಯಾಟರಿ ಹಿಡಿದು ಹೋಗಬೇಕು, ನೀರು ತಿರುಗಿಸಬೇಕು. ಹಿಂದಿನ ವರ್ಷ ಹಾಗೆ ನೀರು ತಿರುಗಿಸಲು ಹೋದ ಅದೇ ಊರಿನ ವೀರಪ್ಪನ ಕಾಲಿಗೆ ಹಾವು ಕಚ್ಚಿತು. ಜೀವ ಉಳಿಯಿತು, ಕಾಲು ಮೊದಲಿನ ಹಾಗೆ ಆಗಲಿಲ್ಲ. ಆದರೂ ನಾಗಿ ಹೋಗುತ್ತಲೇ ಇದ್ದಳು. ಶಿರಸಿಯ ಬಾಡಿಗೆ ಕೋಣೆಯಲ್ಲಿ ಮಲಗಿದ ರೋಹಿಣಿಗೆ ಅವ್ವನ ಬ್ಯಾಟರಿಯ ಬೆಳಕು ಕಣ್ಣಿಗೆ ಕಟ್ಟಿದಂತಾಗಿ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ನೇರ ಮೇಲಧಿಕಾರಿ ಮನೋಹರರ ಎದುರು ಹೋಗಿ ನಿಂತಳು.

“ಸರ್, ಮಧ್ಯಾಹ್ನ ಕರೆಂಟ್ ಅಗ್ಗ. ದಾಸನಕೊಪ್ಪದ ಪಂಪುಗಳನ್ನ ಹಗಲಿಗೆ ತರೋಣ.”

ಮನೋಹರ ಸಿದ್ದಾಪುರದ ತ್ಯಾಗಲಿಯವರು. ಮನುಷ್ಯ ಒಳ್ಳೆಯವರು, ಆದರೆ ಟ್ರಾನ್ಸ್‌ಫಾರ್ಮರನ್ನು ಸ್ವಂತ ಮಗುವಿನ ಹಾಗೆ ನೋಡುವವರು.

“ಅಗ್ಗ ಹೌದು ಮಾರಾಯ್ತಿ. ಹಗಲು ಅಕ್ಕಿ ಗಿರಣಿ ಉಂಟು, ಕುಡಿಯೋ ನೀರಿನ ಪಂಪು ಉಂಟು. ಅದರ ಮೇಲೆ ನಿಮ್ಮೂರವರು ಆಟೊ ಸ್ಟಾರ್ಟರ್ ಹಾಕಿಟ್ಟಿದ್ದಾರೆ. ಕರೆಂಟ್ ಬಂದದ್ದೇ ಎಲ್ಲ ಪಂಪೂ ಒಟ್ಟಿಗೇ ಎದ್ದು ಕೂತರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗ್ತದೆ. ಆಮೇಲೆ ರಾತ್ರಿಯೂ ಇಲ್ಲ, ಹಗಲೂ ಇಲ್ಲ.”

“ಎಷ್ಟು ಬಳಸ್ತಾರೆ ಅಂತ ಹಿಂದಿನ ದಿನವೇ ಹೇಳ್ತೇನೆ ಸರ್.”

“ಹೇಳಿದ ಹಾಗೇ ಆಗಬೇಕಲ್ಲ?”

“ಆಗ್ತದೆ.”

ಆ ‘ಆಗ್ತದೆ’ ಎನ್ನುವುದನ್ನು ಅವಳು ಹೇಳಿದ ರೀತಿಗೇ ಮನೋಹರ ಸೋತರು. ಮುಂದಿನ ಅಮಾವಾಸ್ಯೆಯವರೆಗೆ ಪರೀಕ್ಷೆ ಎಂದು ಮಾತಾಯಿತು. ಗೆರೆಯೂ ಊರೂ ಒಟ್ಟಿಗೆ ನಡೆದರೆ ಹಗಲು ಕರೆಂಟ್ ಖಾಯಂ. ಇಲ್ಲದಿದ್ದರೆ ಮತ್ತೆ ರಾತ್ರಿ, ಮತ್ತೆ ಬ್ಯಾಟರಿ.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಶುರುವಿನ ದಿನಗಳಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನೀರು ಹಾಯಿಸಿ ಎಲ್ಲ ಸರಿ ಹೋಯಿತು. ಕಂಪ್ಯೂಟರಿನ ಪರದೆಯ ಮೇಲೆ ಅವಳು ಬರೆದ ಗೆರೆ ಒಂದು, ಊರು ಬಳಸಿದ ಗೆರೆ ಇನ್ನೊಂದು. ಎರಡೂ ಜೋಡೆತ್ತಿನ ಹಾಗೆ ನಡೆದವು. ಮನೋಹರ ಚಹಾ ಕುಡಿಯಲಿಕ್ಕೆ ಹೋಗುವಾಗಲೂ ಇಣುಕಿ ನೋಡಿ ತಲೆಯಾಡಿಸುತ್ತಿದ್ದರು.

ಆಮೇಲೊಂದು ಬೆಳಿಗ್ಗೆ ಊರಿನ ಗೆರೆ ನೆಲಕ್ಕೆ ಬಿತ್ತು. ಏಳಲೇ ಇಲ್ಲ.

“ಎಂತ ಮಾರಾಯ್ತಿ, ನಿಮ್ಮೂರವರೆಲ್ಲ ಊರು ಬಿಟ್ಟು ಹೋದ್ರಾ?”

ರೋಹಿಣಿ ಲೈನ್‌ಮನ್‌ಗೆ ಫೋನ್ ಮಾಡಿದಳು. ಲೈನ್ ಸರಿ ಇತ್ತು. ಮಳೆಯ ಸುದ್ದಿಯಿಲ್ಲ, ಹಬ್ಬವಿಲ್ಲ, ಸೂತಕವೂ ಇಲ್ಲ. ಮಾದರಿಗೆ ಗೊತ್ತಿದ್ದ ಕಾರಣವೆಲ್ಲ ಮುಗಿಯಿತು. “ಕೇಳಿ ಬರ್ತೇನೆ ಸರ್” ಎಂದು ಚೀಲ ಹೆಗಲಿಗೇರಿಸಿ, ಬನವಾಸಿ ದಾರಿಯ ಊರುಗಳಿಗೆ ಬಾಡಿಗೆ ಹೊಡೆಯುವ ಗನಿ ಚಾಚಾನ ಟೆಂಪೊ ಹತ್ತಿದಳು. ಗನಿ ಬಾಯಿಗೆ ಬ್ರೇಕಿಲ್ಲದ ಮನುಷ್ಯ. ಆವತ್ತು ಮಾತ್ರ ದಾರಿಯುದ್ದಕ್ಕೂ ಮುಸಿಮುಸಿ ನಗುತ್ತಿದ್ದನೇ ಹೊರತು ತುಟಿ ಬಿಚ್ಚಲಿಲ್ಲ.

ಊರಿಗೆ ಬಂದು ನೋಡಿದರೆ ನಾಗಿ ತಲೆಯ ಮೇಲೆ ಕೊಡ ಹೊತ್ತು ಬದನೆ ಸಾಲಿಗೆ ನೀರು ಹಾಕುತ್ತಿದ್ದಾಳೆ.

“ಅವ್ವಾ, ಪಂಪು ಕೆಟ್ಟೈತೇನು?”

“ಪಂಪಿಗೇನಾಗೈತಿ? ಗಟ್ಟಿಮುಟ್ಟ ಐತಿ.”

“ಮತ್ತ ಕೊಡ ಯಾಕ?”

“ನಿನ್ನ ಸಲುವಾಗಿ!” ಎಂದಳು ನಾಗಿ, ದೊಡ್ಡ ಕಾಣಿಕೆ ಕೊಟ್ಟವಳ ಹಾಗೆ.

ಪಕ್ಕದ ಹೊಲದ ಮುರಿಗೆವ್ವ, ಮಾತಿನ ವಾಸನೆ ಬಂದರೆ ಎಲ್ಲಿದ್ದರೂ ಬರುವವಳು, ಬದು ಹತ್ತಿ ನಿಂತಳು. “ಬರೇ ನಿಮ್ಮವ್ವ ಅಲ್ಲ ತಂಗಿ, ಊರಿಗೆ ಊರೇ ಸ್ಟಾರ್ಟರ್ ಬಂದ್ ಮಾಡೈತಿ, ಪಂಪು ಮುಟ್ಟಿಲ್ಲ. ನಮ್ಮ ಹುಡುಗಿದು ಪರೀಕ್ಷೆ ನಡದೈತಿ, ಕರೆಂಟ್ ಉಳಿಸಿ ಪಾಸ್ ಮಾಡೂನು ಅಂತ ಮಾತಾಗೈತಿ. ನಾ ಮಿಕ್ಸರ್ ಬಿಟ್ಟು ಒರಳಾಗ ಖಾರ ಅರದೀನಿ. ನೋಡಿಲ್ಲಿ, ರಟ್ಟಿ ಬಾತೈತಿ!”

ರೋಹಿಣಿ ತಿರುಗಿ ಗನಿಯನ್ನು ನೋಡಿದಳು. ಗನಿ ಟೆಂಪೊದ ಕನ್ನಡಿ ಒರೆಸತೊಡಗಿದ.

“ನಾ ಊರಾಗ ಏನ್ ತಪ್ಪು ಹೇಳಿದ್ನಿ ಬೇಟಿ? ಲೆಕ್ಕ ತಪ್ಪಿದ್ರೆ ರಾತ್ರಿ ಕರೆಂಟ್ ವಾಪಸ್ ಅಂತ ನೀನೇ ಟೆಂಪೊದಾಗ ಅಂದಿದ್ದಿ. ತಪ್ಪೋದು ಅಂದ್ರೆ ಜಾಸ್ತಿ ಆಗೋದು ಅಲ್ಲೇನು?”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾಗಿ ಬದುವಿನ ಮೇಲೆ ಕೂತಳು.

“ಅವ್ವಾ, ನೀ ಒಂದು ಮದುವಿಗೆ ಅಕ್ಕಿ ಹಾಕಿಸಿದಿ ಅನ್ನು. ಎಲ್ಲಿ ಕಡಿಮಿ ಬಿದ್ದು ನಾಗಿ ಮಾನ ಹೋಗ್ತೈತೋ ಅಂತ ಮಂದಿ ಉಣ್ಣಾಕ ಬರದಂಗ ಮನ್ಯಾಗ ಉಪಾಸ ಕುಂತ್ರ?”

“ಅಯ್ಯ, ಅಷ್ಟೂ ಅನ್ನ ಹಳಸಿ...” ಎಂದವಳು ನಾಲಿಗೆ ಕಚ್ಚಿಕೊಂಡಳು.

“ಕರೆಂಟೂ ಹಳಸ್ತೈತೇನ?” ಮುರಿಗೆವ್ವ ಕಣ್ಣರಳಿಸಿದಳು.

“ಹಳಸೂದಿರ್ಲಿ ಅತ್ತಿ, ನಮ್ಮ ಕಡೆ ಅದನ್ನ ಮುಚ್ಚಿಡಾಕ ಪಾತ್ರೀನ ಇಲ್ಲ. ಕೊಂಡಿದ್ದನ್ನ ಆ ಹೊತ್ತಿಗೇ ಉಣ್ಣಬೇಕು. ಇವತ್ತು ನಿಮ್ಮ ಪಾಲಿಂದು ಕೊಂಡಿಟ್ಟಿದ್ವಿ. ನೀವು ಬರಲಿಲ್ಲ.”

ನಗು ಅಲ್ಲಿಗೆ ನಿಂತಿತು, ಯಾಕೆಂದರೆ ಅವಳ ಕಣ್ಣು ಗದ್ದೆಯ ಮೇಲೆ ಬಿದ್ದಿತ್ತು. ಒಂದು ದಿನ ನೀರು ತಪ್ಪಿದ್ದಕ್ಕೇ ಮಣ್ಣು ಒಣಗಿತ್ತು. ಹಸಿದ ಊರು ನಾಳೆ ಒಂದೇ ಪಂಕ್ತಿಗೆ ಕೂರುತ್ತದೆ. ಎಲ್ಲ ಪಂಪೂ ಒಟ್ಟಿಗೆ ಏಳುತ್ತವೆ. ಮನೋಹರರು ಹೆದರಿದ್ದು ಇದಕ್ಕೇ. ಇಂಥ ದಿನವನ್ನು ಮಾದರಿ ಹಿಂದೆಂದೂ ಕಂಡಿಲ್ಲ. ಕಾಣದ್ದನ್ನು ಅದು ಹೇಳಲಾರದು. ಹಾಗಾದರೆ ಕೇಳಬೇಕು.

ಕೆರಿಯಜ್ಜನ ಕಟ್ಟೆಯ ಮೇಲೆ ಊರು ಸೇರಿತು. ಕೆರಿಯ ಎಂದರೆ ಆ ಊರಿನ ನೀರುಗಂಟಿ. ಬೋರ್‌ವೆಲ್ ಬರುವ ಮುಂಚೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ನೀರು ಎಂದು ಸರದಿ ಹಾಕುತ್ತಿದ್ದವನು. ಪಂಪು ಬಂದಮೇಲೆ ಅವನ ಸರದಿಯನ್ನು ಕೇಳುವವರಿರಲಿಲ್ಲ. ರೋಹಿಣಿ ಕೇಳಿದಳು.

“ಅಜ್ಜಾ, ಕೆರೀ ನೀರು ಕಡಿಮಿ ಇದ್ದಾಗ ಹೆಂಗ ಹಂಚತಿದ್ದಿ?”

“ಕಾಲುವಿ ಕೊನೀಗಿರೂ ಬಾಲದ ಗದ್ದಿಗೆ ಮೊದಲು,” ಎಂದ ಕೆರಿಯ, ಯೋಚಿಸದೆ. “ತೂಬಿನ ಬುಡದಾಂವ ಹೆಂಗರೆ ಬದುಕತಾನ.”

“ಹಂಗಾದ್ರ ಕರೆಂಟಿಗೂ ಸರದಿ ಹಾಕು. ಎಲ್ಲಾರೂ ಆಟೊ ಸ್ಟಾರ್ಟರ್ ತಗೀರಿ. ನಡುಮಧ್ಯಾಹ್ನ ಕರೆಂಟ್ ಸೋವಿ, ಆಗ ಹೆಚ್ಚು ಪಂಪು. ಮುಂಜಾನೆ ಕಡಿಮಿ.”

ಎಲ್ಲರೂ ಹೂಂ ಎಂದರು, ವೀರಪ್ಪನ ಹೊರತು.

“ನಾ ತಗ್ಯಾಂವ ಅಲ್ಲ. ಆ ಡಬ್ಬೀನ ನನ್ನ ಕಾಲು.”

ಕಟ್ಟೆಯ ಮೇಲಿದ್ದವರೆಲ್ಲ ಅವನ ಕಾಲು ನೋಡಿದರು. ಹೌದು, ಪಂಪಿನ ತನಕ ಕುಂಟುತ್ತ ಹೋಗಿ ಬರುವುದು ಅವನಿಂದಾಗದು. ರೋಹಿಣಿ ಅರೆಗಣ್ಣು ಮಾಡಿ ಕೂತದ್ದನ್ನು ಕಂಡು ಮುರಿಗೆವ್ವ, “ಥೇಟ್ ನಾಗೀನ” ಎಂದು ಪಿಸುಗುಟ್ಟಿದಳು.

“ವೀರಪ್ಪ ಕಾಕಾ, ನೀ ತಗೀಬ್ಯಾಡ. ಕರೆಂಟ್ ಬಂದ ಕೂಡ್ಲೇ ನಿನ್ನ ಪಂಪು ಏಳ್ಲಿ. ನಿನ್ನ ಪಂಪಿನ ಸಪ್ಪಳ ಕೇಳಿದ ಮ್ಯಾಲೇ ಉಳಿದವರ ಸರದಿ ಶುರು. ನೀನ ಊರಿಗೆ ಗಂಟಿ.”

“ಹಂಗಂದ್ರ ಅಡ್ಡಿಯಿಲ್ಲ,” ಎಂದ ವೀರಪ್ಪ, ಮೀಸೆಯಲ್ಲೇ ನಗುತ್ತ. “ಮೂರು ಮಂದಿ ದಾಯಾದಿಗಳು ನನ್ನ ಪಂಪಿನ ಸಪ್ಪಳಕ್ಕ ಕಾಯಬೇಕು ಅಂತಾದ್ರ ಇನ್ನೂ ಒಂದು ಹೊಲಕ್ಕ ನೀರು ಹಾಯಿಸೇನು.”

ಕೆರಿಯ ಹೇಳುತ್ತ ಹೋದ, ರೋಹಿಣಿ ಯಾರ ಪಂಪು ಎಷ್ಟು ದೊಡ್ಡದು, ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ ಎಂದು ಕೂಡಿಸುತ್ತ ಹೋದಳು. ಆವತ್ತು ಅವಳು ಕಚೇರಿಗೆ ಕಳಿಸಿದ ನಾಳೆಯ ಗೆರೆ ಹಿಂದಿನ ಯಾವ ದಿನದ ಹಾಗೂ ಇರಲಿಲ್ಲ.

ಮರುದಿನ ಮನೋಹರ ಬೆಳಿಗ್ಗೆಯಿಂದಲೇ ಅವಳ ಕುರ್ಚಿಯ ಹಿಂದೆ ನಿಂತರು. ಕರೆಂಟ್ ಬಿಟ್ಟರು. ಗೆರೆ ಒಂದು ಚೂರು ಎದ್ದಿತು. ಅದು ವೀರಪ್ಪ. ನಿಂತಿತು. ಮತ್ತೊಂದು ಮೆಟ್ಟಿಲು ಹತ್ತಿತು, ಬಾಲದ ಗದ್ದೆಯವರು. ಮೆಟ್ಟಿಲು ಮೇಲೆ ಮೆಟ್ಟಿಲು, ಬಿಸಿಲು ಏರಿದ ಹಾಗೆ ಏರಿತು. ಮಧ್ಯಾಹ್ನ ತುತ್ತತುದಿಗೆ ಬಂದು, ಟ್ರಾನ್ಸ್‌ಫಾರ್ಮರ್ ತಾಳುವ ಗಡಿಯ ಕೆಳಗೇ ನಿಂತಿತು. ಮನೋಹರ ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಗೆರೆ ದಡಕ್ಕನೆ ಕುಸಿಯಿತು.

“ಹೋಯ್ತು! ಎಂತದೋ ಸುಟ್ಟಿತು!”

“ಏನೂ ಸುಟ್ಟಿಲ್ಲ ಸರ್. ಊಟದ ಹೊತ್ತು. ಕೆರಿಯಜ್ಜ ಊಟಕ್ಕೆ ಕೂತಾಗ ಯಾರೂ ನೀರು ಮುಟ್ಟುವ ಹಾಗಿಲ್ಲ. ಹಳೇ ರೂಢಿ. ನೋಡಿ, ನನ್ನ ಗೆರೆಯಲ್ಲೂ ತಗ್ಗಿದೆ.”

ತಗ್ಗು ಇತ್ತು. ಅಜ್ಜನ ಊಟ ಮುಗಿದಿರಬೇಕು, ಗೆರೆ ಮತ್ತೆ ಎದ್ದಿತು. ಮನೋಹರ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿ, ಇನ್ನೊಮ್ಮೆ ನೋಡಿದರು.

ಅಮಾವಾಸ್ಯೆ ಬಂತು, ಹೋಯಿತು. ಹಗಲು ಕರೆಂಟ್ ಉಳಿಯಿತು. ಮನೋಹರ ಒಂದು ದಿನ ಮೆಲ್ಲಗೆ ಬಂದು, “ನಮ್ಮ ತ್ಯಾಗಲಿಗೂ ಇದೇ ಮಾದರಿ ಹಾಕಬಹುದಾ?” ಎಂದರು.

“ಇದೇ ಹಾಕಲಿಕ್ಕೆ ಬರೋದಿಲ್ಲ ಸರ್. ಮೊದಲು ನಿಮ್ಮೂರಲ್ಲಿ ಯಾರು ಎಷ್ಟು ಹೊತ್ತಿಗೆ ಉಣ್ತಾರೆ ಹೇಳಿ.”

ಈಗ ನಾಗಿಯ ಬ್ಯಾಟರಿ ಗೂಟಕ್ಕೆ ತೂಗಿಕೊಂಡಿದೆ. ಮೊನ್ನೆ ರೋಹಿಣಿ ಊರಿಗೆ ಹೋದಾಗ ಅವ್ವ ಹೊಲದಿಂದ ಹೊತ್ತು ಮುಳುಗಿದ ಮೇಲೆ ಬಂದಳು. ಕೈಕಾಲು ತೊಳೆದು ಉಸ್ಸಪ್ಪಾ ಎಂದು ಕೂತಳು.

“ಇಷ್ಟೊತ್ತು ಯಾಕವ್ವಾ? ಮಧ್ಯಾಹ್ನಕ್ಕೇ ನಿನ್ನ ಸರದಿ ಮುಗೀತಲ್ಲ?”

“ಸರದಿ ಮುಗೀತು, ಮಾತು ಮುಗೀಬೇಕಲ್ಲ,” ಎಂದಳು ನಾಗಿ. “ರಾತ್ರಿ ಹೋಗೂ ಮುಂದ ಬರೇ ಹಾವು ಇರ್ತಿದ್ವು. ಹಗಲಂದ್ರ ಮುರಿಗೆವ್ವ ಇರ್ತಾಳ.”