ಉದ್ಘಾಟನೆಗೆ ಬಂದ ಹೆರಿಗೆ ಮಂಚ

ಕೂನೂರಿನ ಹತ್ತಿರ, ಕೆತ್ತಿ ಕಣಿವೆಯಾಚೆಯ ಒಂದು ಹಟ್ಟಿಯ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್ ಆಗಿದ್ದಾಗ ಅದಕ್ಕೆ ಎರಡು ಸಲ ಉದ್ಘಾಟನೆಯಾಯಿತು. ಮೊದಲ ಸಲ ಬಂದವರು ಒಂದು ಪಕ್ಷದ ಮಂತ್ರಿ. ಎರಡನೆಯ ಸಲ, ಅವರನ್ನು ಸೋಲಿಸಿದ ಪಕ್ಷದವರು. ಆರೋಗ್ಯ ವ್ಯವಸ್ಥೆಯನ್ನೇ ಬದಲಾಯಿಸುತ್ತೇವೆ ಎಂದು ಇಬ್ಬರೂ ಹೇಳಿದರು. ನಡುವೆ ಕಟ್ಟಡಕ್ಕೆ ಹೆರಿಗೆ ಕೋಣೆಯೊಂದು ಸೇರಿತು. ವೈದ್ಯರು ಮಾತ್ರ ಬರಲಿಲ್ಲ.

ಎರಡನೆಯ ಉದ್ಘಾಟನೆಯ ಹಿಂದಿನ ದಿನ ವ್ಯಾನಿನಲ್ಲಿ ಹೊಸ ಹೆರಿಗೆ ಮಂಚ ಬಂತು. ನಾನು ಖುಷಿಯಿಂದ ಒರೆಸುತ್ತಿದ್ದಾಗ ಡ್ರೈವರ್ ಹೇಳಿದ: “ನಾಳೆ ಸಾಯಂಕಾಲ ವಾಪಸ್ ತಗೊಂಡು ಹೋಗ್ತೀನಿ ಸಿಸ್ಟರ್. ಇದು ಬೇರೆ ಆಸ್ಪತ್ರೆದು.”

ಮರುದಿನ ಮಂತ್ರಿಗಳು ರಿಬ್ಬನ್ ಕತ್ತರಿಸಿ ಒಳಗೆ ಬಂದು ತಮಿಳಿನಲ್ಲಿ ಕೇಳಿದರು: “ಎಲ್ಲಾ ಇದೆಯಲ್ಲಮ್ಮಾ?”

ಪಕ್ಕದಲ್ಲಿದ್ದ ನಮ್ಮ ಅಧಿಕಾರಿ ನನ್ನ ಮುಖ ನೋಡಿದರು. “ಇದೆ ಸಾರ್” ಅಂದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಹೊರಗೆ ಭಾಷಣ ಮಾಡುತ್ತಿದ್ದಾಗ ಹಿಂಬಾಗಿಲಿನಿಂದ ಒಬ್ಬ ಬಸುರಿಯನ್ನು ಅವಳ ಅತ್ತೆ ನಡೆಸಿಕೊಂಡು ಬಂದಳು. ಬೆಳಿಗ್ಗೆ ಟೀ ಸೊಪ್ಪು ಕೀಳುವಾಗಲೇ ನೋವು ಶುರುವಾಗಿತ್ತಂತೆ.

“ಕೂನೂರಿಗೆ ಹೋಪಕ್ಕೆ ಜೀಪು ಹತ್ತಿದೆವು ನರ್ಸಮ್ಮ. ರೋಡೆಲ್ಲ ಇವರ ಕಾರೇ. ದಾರಿ ಬಿಟ್ಟಿಲ್ಲೆ” ಎಂದು ಅತ್ತೆ ಏದುಸಿರು ಬಿಟ್ಟಳು.

ಪರೀಕ್ಷೆ ಮಾಡಿದೆ. ಸಮಯವಿರಲಿಲ್ಲ. ಅದೇ ಮಂಚದ ಮೇಲೆ ಮಲಗಿಸಿದೆ. ಚಪ್ಪಾಳೆಯ ಸದ್ದು ಕೇಳುತ್ತಿರುವಾಗಲೇ ಹೆಣ್ಣು ಮಗು ಹುಟ್ಟಿತು.

ಸಾಯಂಕಾಲ ಡ್ರೈವರ್ ಬಂದು ಬಾಗಿಲಲ್ಲೇ ನಿಂತ. ಬಾಣಂತಿಗೆ ರಕ್ತ ಇನ್ನೂ ಹೋಗುತ್ತಿತ್ತು. ಕೊಡುವುದಿಲ್ಲ ಅಂದೆ. ಅಧಿಕಾರಿ ಫೋನ್ ಮಾಡಿ, “ಮೆಮೊ ಕೊಡಬೇಕಾಗುತ್ತೆ” ಎಂದರು.

“ಕೊಡಿ ಸಾರ್. ರಕ್ತ ನಿಲ್ಲೋವರೆಗೆ ಇವಳನ್ನ ಕೆಳಗಿಳಿಸೋಕೆ ಆಗಲ್ಲ.”

ಬೆಳಗಾಗುವಷ್ಟರಲ್ಲಿ ಅವಳು ಸುಧಾರಿಸಿಕೊಂಡಿದ್ದಳು. ಆಗ ಮಂಚ ಯಾವ ಆಸ್ಪತ್ರೆಯದೋ ಅಲ್ಲಿಯ ನರ್ಸ್ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅಕ್ಕಾ, ಇಲ್ಲಿ ಇಬ್ಬರು ನೋವು ತಿಂತಾ ಇದ್ದಾರೆ. ನಮಗಿರೋದೂ ಅದೊಂದೇ.”

ತಾಯಿ, ಮಗು ಇಬ್ಬರನ್ನೂ ಮೂಲೆಯ ಹಳೆಯ ಕಬ್ಬಿಣದ ಮಂಚಕ್ಕೆ ಸಾಗಿಸಿ, ನಾನೇ ಒಂದು ಕಡೆ ಹಿಡಿದು ಹೆರಿಗೆ ಮಂಚವನ್ನು ವ್ಯಾನಿಗೆ ಹತ್ತಿಸಿದೆ. ಇಬ್ಬರು ನರ್ಸುಗಳು ಒಂದು ಮಂಚಕ್ಕಾಗಿ ಎಳೆದಾಡುವಂತೆ ಮಾಡಿ ಮಂತ್ರಿಗಳು ಮುಂದಿನ ಸಭೆಗೆ ಹೋಗಿದ್ದರು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ.

ಅಂದೇ ಮಂತ್ರಿಗಳಿಗೆ ಪತ್ರ ಬರೆದೆ: ನಾನು ನಿಮಗೆ ಸುಳ್ಳು ಹೇಳಿದೆ, ಇಲ್ಲಿ ಹೆರಿಗೆ ಮಂಚವಿಲ್ಲ, ವೈದ್ಯರೂ ಇಲ್ಲ ಎಂದು. ಹಟ್ಟಿಯ ಹೆಂಗಸರೆಲ್ಲ ಸಹಿ ಹಾಕಿದರು; ಆ ಅತ್ತೆ ಹೆಬ್ಬೆಟ್ಟು ಒತ್ತಿದಳು. ಉತ್ತರವಾಗಿ, ಪತ್ರ ತಲುಪಿದೆ ಎಂಬ ಒಂದು ಸಾಲು ಬಂತು.

ಮಳೆಗಾಲ ಕಳೆದ ಮೇಲೆ ಕೇಂದ್ರಕ್ಕೆ ಸ್ವಂತ ಮಂಚ ಬಂತು. ವೈದ್ಯರು ವಾರಕ್ಕೆರಡು ದಿನ ಬರತೊಡಗಿದರು. ಪತ್ರ ಬರೆದದ್ದಕ್ಕೆ ನನ್ನನ್ನು ದೂರದ ಗೂಡಲೂರಿನ ಕಡೆಗೆ ವರ್ಗ ಮಾಡಿದರು. ಇಲ್ಲಿಯ ಹೆಂಗಸರ ಮಾತಿನಲ್ಲಿ ಮಲಯಾಳಂ ಬೆರೆತಿದೆ. ನೋವು ಎಲ್ಲಿ ಎಂದು ಕೇಳಿ ತಿಳಿದುಕೊಳ್ಳುವುದಕ್ಕೇ ಮೊದಲ ವಾರ ಕಷ್ಟಪಟ್ಟೆ.